ಸಡಿಲ ಝೋನ್ಯೂಲ್ ಇರುವ ಕಣ್ಣಿಗೆ ಪೊರೆ ಆಪರೇಷನ್: ಪರೀಕ್ಷೆಯಿಂದ ಫಾಲೋಅಪ್‌ವರೆಗೆ

ಎಲ್ಲ ಸರಿಯಾಗಿಯೇ ಇರುತ್ತದೆ. ಪ್ಯೂಪಿಲ್ ಸುಮಾರಾಗಿ ಹಿಗ್ಗಿದೆ, ಜಾಗ ಮಾಡಿಕೊಡುವ ವಿಸ್ಕೋ ಜೆಲ್ ತುಂಬಿದ್ದೀರಿ, ರೆಕ್ಸಿಸ್ (ಲೆನ್ಸಿನ ಚೀಲದ ಮುಂದಿನ ಗೋಡೆಯಲ್ಲಿ ಗುಂಡಗಿನ ಕಿಂಡಿ) ಶುರು ಮಾಡಲು ಸೂಜಿಯನ್ನು ಆ ಚೀಲದ, ಅಂದರೆ ಕ್ಯಾಪ್ಸೂಲ್, ಮೇಲೆ ಇಟ್ಟಿದ್ದೀರಿ. ಆದರೆ ಸೂಜಿ ಚುಚ್ಚುವುದಿಲ್ಲ. ಕ್ಯಾಪ್ಸೂಲ್ ಒಳಕ್ಕೆ ತಗ್ಗುತ್ತದೆ, ಸೂಜಿಯ ತುದಿಯಿಂದ ಸುತ್ತಲೂ ಸುಕ್ಕುಗಳು ಏಳುತ್ತವೆ, ಇಡೀ ಲೆನ್ಸ್ ಒಂದು ಪಕ್ಕಕ್ಕೆ ಜರುಗುತ್ತದೆ. ಎದೆ ಧಸಕ್ ಅನ್ನುತ್ತದೆ, ಅಲ್ವಾ? ಲೆನ್ಸನ್ನು ಹಿಡಿದಿರುವ ಎಳೆಗಳು, ಅಂದರೆ ಝೋನ್ಯೂಲ್, ಸಡಿಲವಾಗಿವೆ ಅಂತ ಗೊತ್ತಾಗುವುದು ಬಹಳ ಸಲ ಹೀಗೆ, ಟೇಬಲ್ ಮೇಲೆ, ತಡವಾಗಿ.

ಮಾಮೂಲಿ ಫೇಕೋ (ಅಲ್ಟ್ರಾಸೌಂಡಿನಿಂದ ಪೊರೆ ಒಡೆದು ಹೀರುವ ವಿಧಾನ) ಕೈಗೆ ಬಂದಿದೆ, ಆದರೆ ಇಂಥ ಕಣ್ಣು ಬಂದರೆ ಹಿಂಜರಿಕೆ ಆಗುತ್ತದೆ ಅನ್ನುವ ಸರ್ಜನ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದಿದ ತಕ್ಷಣ ಒಬ್ಬರೇ ಮಾಡಲು ಹೋಗಬೇಡಿ. ಮೊದಲ ಕೆಲವು ಕೇಸುಗಳಲ್ಲಿ ಅನುಭವ ಇರುವವರು ಪಕ್ಕದಲ್ಲಿ ಕೂತಿರಲಿ. ಮತ್ತೆ ಪ್ರತಿ ಹೆಜ್ಜೆಗೂ ಮುಂಚೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ನಾನು ಮಾಡಲಿರುವ ಕೆಲಸದಿಂದ ಉಳಿದ ಎಳೆಗಳ ಮೇಲೆ ಎಷ್ಟು ಎಳೆತ ಬೀಳುತ್ತದೆ? ಕೆಳಗೆ ಹೇಳುವುದೆಲ್ಲ ಈ ಪ್ರಶ್ನೆಗೆ ಸಿಕ್ಕ ಉತ್ತರಗಳೇ.

ಎಳೆಗಳು ಯಾಕೆ ಸಡಿಲವಾಗುತ್ತವೆ

ಲೆನ್ಸಿನ ಅಂಚಿನ ಸುತ್ತ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳು ಅದನ್ನು ಸಿಲಿಯರಿ ಬಾಡಿಗೆ ಕಟ್ಟಿ ನಿಲ್ಲಿಸಿವೆ. ಜರ್ಮನಿಯ ಯೋಹಾನ್ ಗಾಟ್‌ಫ್ರೀಡ್ ಝಿನ್ 1755ರಲ್ಲೇ ಕಣ್ಣಿನ ರಚನೆ ಬಗ್ಗೆ ಬರೆದ ಪುಸ್ತಕದಲ್ಲಿ ಇವನ್ನು ವಿವರಿಸಿದ್ದ, ಅದಕ್ಕೇ ಇವತ್ತಿಗೂ ಝಿನ್‌ನ ಝೋನ್ಯೂಲ್ ಅನ್ನುತ್ತೇವೆ. ಈ ಎಳೆಗಳ ಮುಖ್ಯ ಪ್ರೋಟೀನ್ ಫೈಬ್ರಿಲಿನ್.

ನಮಗೆ ಜಾಸ್ತಿ ಸಿಗುವ ಕಾರಣಗಳು ಎರಡು. ಒಂದು, ಕಣ್ಣಿಗೆ ಬಿದ್ದ ಪೆಟ್ಟು. ಇನ್ನೊಂದು, ಸೂಡೋಎಕ್ಸ್‌ಫೋಲಿಯೇಷನ್. ಫಿನ್ಲೆಂಡಿನ ಜಾನ್ ಲಿಂಡ್‌ಬರ್ಗ್ 1917ರಲ್ಲಿ ಮೊದಲು ವಿವರಿಸಿದ ಕಾಯಿಲೆ ಇದು. ಪ್ಯೂಪಿಲ್ ಅಂಚಿನಲ್ಲೂ ಕ್ಯಾಪ್ಸೂಲ್ ಮೇಲೂ ಬೂದಿ ಉದುರಿದ ಹಾಗೆ ಬಿಳಿ ಪುಡಿ ಕೂರುತ್ತದೆ. ಅದೇ ಪುಡಿ ಝೋನ್ಯೂಲ್ ಮೇಲೂ ಕೂತು ಎಳೆಗಳನ್ನು ಬುಡದಿಂದಲೇ ದುರ್ಬಲ ಮಾಡುತ್ತದೆ. ಇವೆರಡನ್ನು ಬಿಟ್ಟರೆ ಮಾರ್ಫಾನ್, ಹೋಮೋಸಿಸ್ಟಿನೂರಿಯಾ, ವೈಲ್-ಮಾರ್ಕೆಸಾನಿಯಂಥ ಹುಟ್ಟಿನಿಂದ ಬರುವ ತೊಂದರೆಗಳು, ಹಿಂದೆ ಆದ ವಿಟ್ರೆಕ್ಟಮಿ (ಲೆನ್ಸಿನ ಹಿಂದಿನ ಜೆಲ್ಲಿಯಾದ ವಿಟ್ರಿಯಸ್ಸನ್ನು ತೆಗೆಯುವುದು), ಜಾಸ್ತಿ ಮೈನಸ್ ಪವರ್, ರೆಟಿನೈಟಿಸ್ ಪಿಗ್ಮೆಂಟೋಸಾ, ತುಂಬಾ ಹಣ್ಣಾಗಿ ಹೋದ ಬಿಳಿ ಪೊರೆ.

ಕಾರಣ ತಿಳಿಯುವುದು ಹೆಸರು ಬರೆಯಲಿಕ್ಕಲ್ಲ. ಪೆಟ್ಟು ಬಿದ್ದ ಕಣ್ಣಿನಲ್ಲಿ ಒಂದು ಭಾಗದ ಎಳೆಗಳು ಪೂರ್ತಿ ಹರಿದಿರುತ್ತವೆ, ಉಳಿದವು ಸಾಮಾನ್ಯವಾಗಿ ಗಟ್ಟಿ. ಆ ಗಟ್ಟಿ ಭಾಗವನ್ನು ನಂಬಿ ಕೆಲಸ ಮಾಡಬಹುದು, ಮತ್ತೆ ತೊಂದರೆ ಮುಂದೆ ಜಾಸ್ತಿಯಾಗುತ್ತಾ ಹೋಗುವುದಿಲ್ಲ. ಸೂಡೋಎಕ್ಸ್‌ಫೋಲಿಯೇಷನ್ನಿನಲ್ಲಿ ಹಾಗಲ್ಲ. ಎಲ್ಲೂ ಹರಿದಿರುವುದಿಲ್ಲ, ಆದರೆ ಸುತ್ತಲೂ ಸಡಿಲ. ಆಪರೇಷನ್ ಚೆನ್ನಾಗಿ ಆದಮೇಲೂ ವರ್ಷದಿಂದ ವರ್ಷಕ್ಕೆ ಇನ್ನಷ್ಟು ಸಡಿಲವಾಗುತ್ತದೆ. ನನ್ನ ಮಟ್ಟಿಗೆ ಇದೇ ಜಾಸ್ತಿ ಮೋಸ ಮಾಡುವ ಕಣ್ಣು, ಯಾಕೆಂದರೆ ನೋಡಲು ಲೆನ್ಸ್ ಮಧ್ಯದಲ್ಲೇ ಕೂತಿರುತ್ತದೆ.

ಪರೀಕ್ಷೆ: ಡ್ರಾಪ್ಸ್ ಹಾಕುವ ಮುಂಚೆ

ಅರ್ಧ ಆಪರೇಷನ್ ಇಲ್ಲೇ ಆಗುತ್ತದೆ. ಸ್ಲಿಟ್ ಲ್ಯಾಂಪಿಗೆ ಕೂರಿಸುವುದಕ್ಕೆ ಮುಂಚೆಯೇ ಡೈಲೇಷನ್ ಡ್ರಾಪ್ಸ್ ಹಾಕುವ ರೂಢಿ ಬಹಳ ಕಡೆ ಇದೆ. ದಯವಿಟ್ಟು ಇದೊಂದನ್ನು ಬದಲಾಯಿಸಿಕೊಳ್ಳಿ. ಡ್ರಾಪ್ಸ್ ಬಿದ್ದ ಮೇಲೆ ಸಿಲಿಯರಿ ಸ್ನಾಯು ಸಡಿಲವಾಗಿ ಎಳೆಗಳು ಬಿಗಿಯಾಗುತ್ತವೆ, ಲೆನ್ಸಿನ ಸಣ್ಣ ನಡುಕ ಮರೆಯಾಗುತ್ತದೆ. ಐರಿಸ್ ಮಡಚಿಕೊಂಡು ಅದರ ಅಲ್ಲಾಟವೂ ಕಾಣುವುದಿಲ್ಲ.

ಬೆಳಕನ್ನು ಸಣ್ಣ ಸೀಳು ಮಾಡಿ, ಓರೆಯಾಗಿ ಹಾಯಿಸಿ. ಪೇಷೆಂಟಿಗೆ 'ಎಡಕ್ಕೆ ನೋಡಿ, ತಕ್ಷಣ ನೇರ ನೋಡಿ' ಎಂದು ಹೇಳಿ. ಕಣ್ಣು ನಿಂತ ಕ್ಷಣದಲ್ಲಿ ಲೆನ್ಸನ್ನು ನೋಡಿ. ಗಟ್ಟಿ ಇರುವ ಲೆನ್ಸ್ ಕಣ್ಣಿನ ಜೊತೆಗೇ ನಿಲ್ಲುತ್ತದೆ. ಸಡಿಲ ಲೆನ್ಸ್ ಕಣ್ಣು ನಿಂತ ಮೇಲೂ ಒಂದು ಚೂರು ನಡುಗಿ ನಿಲ್ಲುತ್ತದೆ. ಬರೀ ಅರ್ಧ ಸೆಕೆಂಡಿನ ನಡುಕ ಅದು, ನೋಡುತ್ತಿರುವ ಜಾಗ ತಪ್ಪಿದರೆ ಸಿಗುವುದಿಲ್ಲ. ಎರಡು ಮೂರು ಸಲ ಮಾಡಿಸಿ. ಬೇಕಿದ್ದರೆ ಟೇಬಲ್ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ.

ಆಮೇಲೆ ಎರಡೂ ಕಣ್ಣಿನ ಮುಂದಿನ ಚೇಂಬರಿನ ಆಳ ಹೋಲಿಸಿ. ಒಂದು ಕಣ್ಣಿನಲ್ಲಿ ಆಳ ಬೇರೆ ಇದ್ದರೆ, ಅಥವಾ ಒಂದೇ ಕಣ್ಣಿನಲ್ಲಿ ಒಂದು ಬದಿ ಆಳ ಇನ್ನೊಂದು ಬದಿ ಆಳವಿಲ್ಲದಿದ್ದರೆ, ಲೆನ್ಸ್ ವಾಲಿದೆ ಎಂದುಕೊಳ್ಳಿ. ಸೂಡೋಎಕ್ಸ್‌ಫೋಲಿಯೇಷನ್ ಇರುವ ಕಣ್ಣಿನಲ್ಲಿ ಚೇಂಬರಿನ ಆಳ 2.5 ಮಿ.ಮೀ.ಗಿಂತ ಕಡಿಮೆ ಇದ್ದರೆ ನಾನು ಸಡಿಲ ಎಂದೇ ಲೆಕ್ಕ ಹಾಕಿ ತಯಾರಾಗುತ್ತೇನೆ, ನಡುಕ ಕಾಣಲಿ ಬಿಡಲಿ. ಪ್ಯೂಪಿಲ್ ಅಂಚಿನಲ್ಲಿ ವಿಟ್ರಿಯಸ್ ಎಳೆ ಇಣುಕುತ್ತಿದೆಯಾ, ಹಳೆಯ ಪೆಟ್ಟಿನ ಗುರುತಾಗಿ ಐರಿಸ್ ಅಂಚು ಹರಿದಿದೆಯಾ ನೋಡಿ. ಪೆಟ್ಟಿನ ಕಣ್ಣಾದರೆ ಐರಿಸ್ ಬುಡದ ಮೂಲೆ ನೋಡುವ ಗೋನಿಯೋಸ್ಕೋಪಿ ತಪ್ಪಿಸಬೇಡಿ, ಆ ಮೂಲೆ ಹರಿದು ಅಗಲವಾದ ಆಂಗಲ್ ರಿಸೆಷನ್ ಸಿಗಬಹುದು.

ಇಷ್ಟಾದ ಮೇಲೆ ಡ್ರಾಪ್ಸ್. ಪ್ಯೂಪಿಲ್ ಹಿಗ್ಗಿದಾಗ ಲೆನ್ಸಿನ ಅಂಚು ಕಾಣುತ್ತಿದೆಯಾ, ಯಾವ ದಿಕ್ಕಿಗೆ ಸರಿದಿದೆ ಎಂದು ಗಡಿಯಾರದ ಗಂಟೆಗಳ ಲೆಕ್ಕದಲ್ಲಿ ಚಿತ್ರ ಬರೆದಿಡಿ. ಮಾರ್ಫಾನ್‌ನಲ್ಲಿ ಲೆನ್ಸ್ ಸಾಮಾನ್ಯವಾಗಿ ಮೇಲಕ್ಕೆ ಹೊರಬದಿಗೆ, ಹೋಮೋಸಿಸ್ಟಿನೂರಿಯಾದಲ್ಲಿ ಕೆಳಕ್ಕೆ ಮೂಗಿನ ಬದಿಗೆ ಸರಿಯುತ್ತದೆ. ಪೇಷೆಂಟನ್ನು ಮಲಗಿಸಿಯೂ ಒಮ್ಮೆ ನೋಡಿ. ಕೂತಾಗ ಇದ್ದ ಜಾಗದಲ್ಲಿ ಲೆನ್ಸ್ ಮಲಗಿದಾಗ ಇಲ್ಲದೇ ಹೋಗಬಹುದು, ಮತ್ತೆ ಆಪರೇಷನ್ ಆಗುವುದು ಮಲಗಿದಾಗಲೇ. ಐರಿಸ್ ಹಿಂದೆ ಏನಾಗಿದೆ ಎಂದು ಅನುಮಾನ ಇದ್ದರೆ ಯುಬಿಎಂ ಎಂಬ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಿ.

ಚಿಕ್ಕ ವಯಸ್ಸಿನವರಲ್ಲಿ ಲೆನ್ಸ್ ಸರಿದಿದ್ದರೆ ಕಣ್ಣಿನಾಚೆಗೂ ನೋಡಬೇಕು. ಮಾರ್ಫಾನ್‌ನಲ್ಲಿ ಹೃದಯದ ಮಹಾಧಮನಿ ಹಿಗ್ಗಿರಬಹುದು. ಹೋಮೋಸಿಸ್ಟಿನೂರಿಯಾದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ, ಅದರಲ್ಲೂ ಜನರಲ್ ಅನಸ್ತೇಶಿಯಾ ಕೊಡುವಾಗ. ಫಿಜಿಷಿಯನ್ನರು, ಅನಸ್ತೇಶಿಯಾದವರು ಮೊದಲೇ ನೋಡಿರಲೇಬೇಕು.

ಪ್ಲಾನ್ ಮತ್ತು ಮಾತುಕತೆ

ಸಡಿಲಿಕೆ ಎಷ್ಟು ಅನ್ನುವುದರ ಮೇಲೆ ಒಂದು ಅಂದಾಜು ಲೆಕ್ಕ ಇದೆ. ಮೂರ್ನಾಲ್ಕು ಗಂಟೆಯಷ್ಟು ಭಾಗ ಹೋಗಿದ್ದರೆ ಚೀಲವನ್ನು ಒಳಗಿನಿಂದ ಹಿಗ್ಗಿಸಿಡುವ ಮಾಮೂಲಿ ಕ್ಯಾಪ್ಸುಲರ್ ಟೆನ್ಷನ್ ರಿಂಗ್ ಸಾಕು. ನಾಲ್ಕರಿಂದ ಏಳರವರೆಗೆ ಆದರೆ ರಿಂಗ್ ಜೊತೆಗೆ ಕಣ್ಣಿನ ಬಿಳಿ ಗೋಡೆಯಾದ ಸ್ಕ್ಲೀರಾಗೆ ಹೊಲಿಗೆ ಹಾಕಿ ನಿಲ್ಲಿಸುವ ಸಾಧನ ಬೇಕು. ರಾಬರ್ಟ್ ಚಿಯೋನಿ 1998ರಲ್ಲಿ ಪರಿಚಯಿಸಿದ ಮಾರ್ಪಡಿಸಿದ ರಿಂಗ್ ಇದೆ, ಆಮೇಲೆ ಬಂದ, ರಿಂಗಿನ ತುಂಡಿನಂಥ ಅಹ್ಮದ್ ಸೆಗ್ಮೆಂಟ್ ಇದೆ. ಏಳಕ್ಕಿಂತ ಜಾಸ್ತಿ ಹೋಗಿದ್ದರೆ ಚೀಲ ಉಳಿಸುವ ಹಟ ಬಿಟ್ಟು ಇಡೀ ಲೆನ್ಸ್ ತೆಗೆಯುವ ಬಗ್ಗೆ ಯೋಚಿಸಿ. ಇದು ಕಲ್ಲಿನ ಮೇಲೆ ಕೊರೆದ ಗೆರೆ ಅಲ್ಲ. ಸುತ್ತಲೂ ಸಡಿಲ ಇರುವ ಕಣ್ಣನ್ನು ಗಂಟೆಗಳಲ್ಲಿ ಅಳೆಯಲು ಆಗುವುದೇ ಇಲ್ಲ.

ಟ್ರೇ ಮೇಲೆ ಏನಿರಬೇಕು ಎಂದು ಹಿಂದಿನ ದಿನವೇ ನೀವೇ ನೋಡಿಕೊಳ್ಳಿ: ಕ್ಯಾಪ್ಸೂಲಿಗೆ ಬಣ್ಣ ಹಚ್ಚುವ ಟ್ರಿಪಾನ್ ಬ್ಲೂ, ಎರಡು ಥರದ ವಿಸ್ಕೋ, ಎರಡು ಅಳತೆಯ ರಿಂಗ್, ಕ್ಯಾಪ್ಸೂಲ್ ಹುಕ್, ಟ್ರೈಯಾಮ್ಸಿನೋಲೋನ್, ವಿಟ್ರೆಕ್ಟಮಿ ಕಟ್ಟರ್, 10-0 ಹೊಲಿಗೆ ದಾರ, ತ್ರೀ-ಪೀಸ್ ಲೆನ್ಸ್, ಐರಿಸ್ ಕ್ಲಾ ಲೆನ್ಸ್. ಪ್ಯಾಕೆಟ್ ಒಡೆಯುವುದು ಬೇಕಾದಾಗ ಮಾತ್ರ, ಆದರೆ ರೂಮಿನಲ್ಲಿರಬೇಕು. ಸಡಿಲ ಕಣ್ಣಿನ ಆಪರೇಷನ್ ಮಧ್ಯೆ ರಿಂಗ್ ಹುಡುಕಲು ಯಾರೋ ಸ್ಟೋರಿಗೆ ಓಡುವುದು ಅಂದರೆ, ಆ ಐದು ನಿಮಿಷ ಕಣ್ಣಿನೊಳಗೆ ನೀವು ಸುಮ್ನೆ ಕೈ ಇಟ್ಟುಕೊಂಡಿರಬೇಕು.

ಪೇಷೆಂಟ್ ಜೊತೆ ಮಾತು ನೇರವಾಗಿರಲಿ. 'ನಿಮ್ಮ ಲೆನ್ಸನ್ನು ಹಿಡಿದಿರುವ ದಾರಗಳು ಸಡಿಲ ಇವೆ. ಆಪರೇಷನ್ ಮಾಮೂಲಿಗಿಂತ ಜಾಸ್ತಿ ಹೊತ್ತು ಹಿಡಿಯಬಹುದು. ಹೊಸ ಲೆನ್ಸನ್ನು ಚೀಲದಲ್ಲೇ ಇಡಲು ನೋಡುತ್ತೇನೆ, ಆಗದಿದ್ದರೆ ಬೇರೆ ಜಾಗದಲ್ಲಿ ಕಟ್ಟುತ್ತೇನೆ, ಕೆಲವೊಮ್ಮೆ ಎರಡನೇ ಆಪರೇಷನ್ ಬೇಕಾಗಬಹುದು.' ಇಷ್ಟು ಹೇಳಿ ಅವರ ಮನೆಯವರ ಪ್ರಶ್ನೆಗಳಿಗೂ ಉತ್ತರ ಕೊಡಿ. ಮುಂಚೆ ಹೇಳಿದ್ದು ವಿವರಣೆ, ಆಮೇಲೆ ಹೇಳಿದ್ದು ನೆಪದ ಹಾಗೆ ಕೇಳುತ್ತದೆ. ಮಲ್ಟಿಫೋಕಲ್ ಲೆನ್ಸ್ ಕೇಳಿದರೆ ಬೇಡ ಅನ್ನಿ. ಲೆನ್ಸ್ ಸ್ವಲ್ಪ ವಾಲಿದರೂ, ಮಧ್ಯದಿಂದ ಸರಿದರೂ ಅದು ಕೊಡುವ ನೋಟ ಕೆಡುತ್ತದೆ.

ಡ್ರಾಪ್ಸ್ ಅನಸ್ತೇಶಿಯಾದಲ್ಲಿ ಎಷ್ಟೇ ಪಳಗಿದ್ದರೂ ಇಲ್ಲಿ ಬ್ಲಾಕ್ (ಕಣ್ಣಿನ ಸುತ್ತ ಮರಗಟ್ಟಿಸುವ ಇಂಜೆಕ್ಷನ್) ಕೊಡುವುದು ಒಳ್ಳೆಯದು. ಹೊತ್ತು ಜಾಸ್ತಿ ಹಿಡಿಯುತ್ತದೆ, ಹೊಲಿಗೆ ಬೇಕಾಗಬಹುದು. ಬ್ಲಾಕ್ ಕೊಟ್ಟ ಮೇಲೆ ಕಣ್ಣನ್ನು ಬಲವಾಗಿ ಒತ್ತಬೇಡಿ.

ಹೆಜ್ಜೆ 1: ಕೊಯ್ತ ಮತ್ತು ವಿಸ್ಕೋ

ಮುಖ್ಯ ಕೊಯ್ತವನ್ನು ಸಡಿಲ ಭಾಗದಿಂದ ದೂರ ಇಡಿ, ಸಾಧನ ಒಳಗೆ ಹೊರಗೆ ಹೋಗುವಾಗ ಆ ಜಾಗ ಕದಲಬಾರದು. ಹರಿದ ಭಾಗದ ಮೇಲೆ ಮೊದಲು ಡಿಸ್ಪರ್ಸಿವ್ ವಿಸ್ಕೋ ಹಾಕಿ. ಅದು ಅಲ್ಲೇ ಅಂಟಿಕೊಂಡು ಕೂತು, ಮುಚ್ಚಳದ ಹಾಗೆ ವಿಟ್ರಿಯಸ್ಸನ್ನು ಹಿಂದೆ ಹಿಡಿಯುತ್ತದೆ. ಚೇಂಬರ್ ಎತ್ತಿ ನಿಲ್ಲಿಸಲು ಕೊಹೆಸಿವ್. ಕಣ್ಣು ಕಲ್ಲಿನ ಹಾಗೆ ಆಗುವಷ್ಟು ತುಂಬಬೇಡಿ, ತುಂಬಿದರೆ ಲೆನ್ಸ್ ಹಿಂದಕ್ಕೆ ಒತ್ತಿ ಎಳೆಗಳು ಜಗ್ಗುತ್ತವೆ. ಮುಂದೆ ಈಗಾಗಲೇ ವಿಟ್ರಿಯಸ್ ಬಂದಿದ್ದರೆ ರೆಕ್ಸಿಸ್‌ಗಿಂತ ಮೊದಲೇ ಅದನ್ನು ಕತ್ತರಿಸಿ ತೆಗೆಯಿರಿ.

ಟ್ರಿಪಾನ್ ಬ್ಲೂ ಹಾಕುವಾಗ ಒಂದು ಎಚ್ಚರ. ನೀರು ತುಂಬಿದ ಚೇಂಬರಿಗೆ ಸುರಿದರೆ ಹರಿದ ಕಡೆಯಿಂದ ಬಣ್ಣ ಹಿಂದಕ್ಕೆ ಇಳಿದು ಕೆಂಪು ರಿಫ್ಲೆಕ್ಸ್ ಮಂಕಾಗುತ್ತದೆ, ಆಮೇಲೆ ಇಡೀ ಆಪರೇಷನ್ ಕತ್ತಲಲ್ಲೇ. ವಿಸ್ಕೋ ಕೆಳಗೆ ಕ್ಯಾಪ್ಸೂಲ್ ಮೇಲಷ್ಟೇ ಸ್ವಲ್ಪ ಸವರಿ.

ಹೆಜ್ಜೆ 2: ರೆಕ್ಸಿಸ್

ಬಿಗಿದ ಬಟ್ಟೆ ಕತ್ತರಿಸುವುದು ಸುಲಭ, ಸಡಿಲ ಬಟ್ಟೆ ಕತ್ತರಿಯ ಹಿಂದೆಯೇ ಬರುತ್ತದೆ. ಇಲ್ಲೂ ಅಷ್ಟೇ. ಆದ್ದರಿಂದ ಎಳೆಗಳು ಗಟ್ಟಿ ಇರುವ ಕಡೆ ಶುರು ಮಾಡಿ, ಎದುರು ಎಳೆತವನ್ನು ಅವೇ ಕೊಡುತ್ತವೆ. ಸೂಜಿ ಹೊಸದಾಗಿರಲಿ, ಮೊನೆ ಚೂಪಾಗಿರಲಿ. ಒತ್ತಬೇಡಿ. ಚುಚ್ಚಿ ಪಕ್ಕಕ್ಕೆ ಸೀಳಿ. ಸುತ್ತಲೂ ಸಡಿಲ ಇದ್ದು ಚುಚ್ಚಲೇ ಆಗುತ್ತಿಲ್ಲ ಅಂದರೆ ಸೈಡ್ ಪೋರ್ಟಿನಿಂದ ಇನ್ನೊಂದು ಮೊನೆ ತಂದು, ಎರಡು ಮೊನೆಗಳನ್ನು ಒಂದರಿಂದೊಂದು ದೂರ ಸರಿಸುತ್ತಾ ಸೀಳಬಹುದು. ಆಗ ಒಂದು ಕೈ ಕೊಡುವ ಎಳೆತವನ್ನು ಇನ್ನೊಂದು ಕೈ ತಡೆಯುತ್ತದೆ, ಝೋನ್ಯೂಲ್‌ವರೆಗೆ ಅದು ಹೋಗುವುದಿಲ್ಲ.

ಫ್ಲ್ಯಾಪ್ ಹಿಡಿದ ಮೇಲೆ ಆಗಾಗ ಬಿಟ್ಟು, ಹರಿಯುತ್ತಿರುವ ತುದಿಯ ಹತ್ತಿರವೇ ಮತ್ತೆ ಹಿಡಿಯಿರಿ. ಲೆನ್ಸ್ ಸರಿದಿದ್ದರೆ ರೆಕ್ಸಿಸ್‌ನ ಮಧ್ಯ ಲೆನ್ಸಿನ ಮಧ್ಯದಲ್ಲಿರಬೇಕು, ಪ್ಯೂಪಿಲ್ ಮಧ್ಯದಲ್ಲಲ್ಲ. ಇದನ್ನು ಮರೆತರೆ ಚೀಲ ಮಧ್ಯಕ್ಕೆ ಬಂದಾಗ ರೆಕ್ಸಿಸ್ ಒಂದು ಮೂಲೆಯಲ್ಲಿರುತ್ತದೆ. ಅಳತೆ 5ರಿಂದ 5.5 ಮಿ.ಮೀ. ಚಿಕ್ಕದಾದರೆ ಲೆನ್ಸಿನ ಗಟ್ಟಿ ತಿರುಳಾದ ನ್ಯೂಕ್ಲಿಯಸ್ ತೆಗೆಯುವಾಗ ಎಳೆತ ಜಾಸ್ತಿ, ಆಮೇಲೆ ಕ್ಯಾಪ್ಸೂಲ್ ಮುದುಡುವ ಕಾಟ ಬೇರೆ. ಅಂಚು ಒಂದೇ ಸಮ, ಪೂರ್ತಿ ಸುತ್ತು ಆಗಿರಲೇಬೇಕು. ಎಲ್ಲಾದರೂ ಹೊರಕ್ಕೆ ಸೀಳಿದ್ದರೆ ರಿಂಗ್ ಆಸೆ ಬಿಡಿ. ರಿಂಗ್ ಹಿಗ್ಗುವ ಬಲಕ್ಕೆ ಆ ಸೀಳು ಹಿಂದಿನ ಕ್ಯಾಪ್ಸೂಲ್‌ವರೆಗೆ ಓಡುತ್ತದೆ.

ಹೆಜ್ಜೆ 3: ಚೀಲಕ್ಕೆ ಊರುಗೋಲು

ರೆಕ್ಸಿಸ್ ಮುಗಿದ ಮೇಲೆ ಲೆನ್ಸ್ ಇನ್ನೂ ಓಲಾಡುತ್ತಿದೆಯಾ? ಹಾಗಿದ್ದರೆ ಈಗಲೇ ಹುಕ್ ಹಾಕಿ. ಕ್ಯಾಪ್ಸೂಲ್ ಹುಕ್‌ಗಳ ತುದಿ ಉದ್ದ ಇರುತ್ತದೆ, ಚೀಲದ ಅಂಚಿನವರೆಗೆ ಹೋಗಿ ಒಳಗಿನಿಂದ ಆನಿಸುತ್ತದೆ. ಅವು ಇಲ್ಲದಿದ್ದರೆ ಐರಿಸ್ ಹುಕ್ ಬಳಸುತ್ತಾರೆ, ಆದರೆ ಅವು ರೆಕ್ಸಿಸ್ ಅಂಚನ್ನಷ್ಟೇ ಹಿಡಿಯುತ್ತವೆ, ಬಿಗಿ ಜಾಸ್ತಿಯಾದರೆ ಅಂಚು ಹರಿಯುತ್ತದೆ. ಲೆನ್ಸ್ ಮಧ್ಯಕ್ಕೆ ಬರುವಷ್ಟು ಮಾತ್ರ ಬಿಗಿ ಮಾಡಿ.

ರಿಂಗ್ ಯಾವಾಗ ಹಾಕಬೇಕು ಅನ್ನುವುದು ಹಳೆಯ ವಾದ. ಮೊದಲೇ ಹಾಕಿದರೆ ಚೀಲ ಹರಡಿ ನಿಲ್ಲುತ್ತದೆ ನಿಜ. ಆದರೆ ನ್ಯೂಕ್ಲಿಯಸ್ ಒಳಗಿರುವಾಗ ರಿಂಗ್ ತೂರಿಸುವುದೇ ಎಳೆಗಳಿಗೆ ದೊಡ್ಡ ಹಿಂಸೆ, ಜೊತೆಗೆ ತಿರುಳಿನ ಸುತ್ತಲಿನ ಮೆತ್ತಗಿನ ಪದರವಾದ ಕಾರ್ಟೆಕ್ಸ್ ರಿಂಗಿನಡಿ ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಸಾಧ್ಯವಾದಷ್ಟು ತಡವಾಗಿ ಹಾಕುವವನು. ಹುಕ್ ಇದ್ದರೆ ತಡ ಮಾಡಲು ಧೈರ್ಯ ಬರುತ್ತದೆ. ನ್ಯೂಕ್ಲಿಯಸ್ ಕೆಲಸ ಮುಗಿಯುವವರೆಗೆ ಹುಕ್, ಆಮೇಲೆ ರಿಂಗ್.

ಹೆಜ್ಜೆ 4: ಹೈಡ್ರೋಡಿಸೆಕ್ಷನ್

ನೀರು ಬಿಟ್ಟು ನ್ಯೂಕ್ಲಿಯಸ್ಸನ್ನು ಚೀಲದಿಂದ ಬಿಡಿಸುವ ಕೆಲಸ ಇದು. ಮಾಮೂಲಿ ಕಣ್ಣಿನಲ್ಲಿ ಇದನ್ನು ಹತ್ತು ಸೆಕೆಂಡಿನಲ್ಲಿ ಮುಗಿಸುತ್ತೇವೆ. ಇಲ್ಲಿ ಎರಡು ನಿಮಿಷ ಕೊಡಿ. ಬೇರೆ ಬೇರೆ ದಿಕ್ಕಿನಿಂದ, ಪ್ರತಿ ಸಲ ಸ್ವಲ್ಪ ಸ್ವಲ್ಪ ನೀರು ಬಿಡಿ, ಮಧ್ಯೆ ಮಧ್ಯೆ ನ್ಯೂಕ್ಲಿಯಸ್ ಮೆಲ್ಲಗೆ ಅದುಮಿ ಹಿಂದೆ ನಿಂತ ನೀರನ್ನು ಹೊರಗೆ ಬಿಡಿ. ನ್ಯೂಕ್ಲಿಯಸ್ ಚೀಲದೊಳಗೆ ತಾನಾಗಿ ತಿರುಗುವಷ್ಟು ಬಿಡಿಸಿಕೊಂಡರೆ, ಮುಂದೆ ಅದರ ಮೇಲೆ ಹಾಕುವ ಬಲ ಝೋನ್ಯೂಲಿಗೆ ಹೋಗುವುದು ಬಹಳ ಕಡಿಮೆಯಾಗುತ್ತದೆ. ತಿರುಗುತ್ತಿಲ್ಲವಾ? ಬಲವಂತ ಬೇಡ. ಮತ್ತೆ ನೀರು ಬಿಡಿ, ಅಥವಾ ಕ್ಯಾಪ್ಸೂಲ್ ಕೆಳಗೆ ವಿಸ್ಕೋ ಬಿಟ್ಟು ಬಿಡಿಸಿ. ತಿರುಗಿಸುವಾಗಲೂ ಎರಡು ಸಾಧನ ಎದುರುಬದುರು ಇಟ್ಟು, ಎರಡು ಕೈಯಿಂದ ತಿರುಗಿಸಿ. ಒಂದೇ ಕೈಯಿಂದ ತಿರುಗಿಸಿದರೆ ತಿರುಗುವುದರ ಜೊತೆ ಜರುಗುವುದೂ ಆಗುತ್ತದೆ. ನ್ಯೂಕ್ಲಿಯಸ್ ಮೆತ್ತಗಿದ್ದರೆ ವಿಸ್ಕೋದಿಂದ ತೇಲಿಸಿ ಚೀಲದ ಹೊರಗೆ ತಂದೇ ಕೆಲಸ ಮಾಡಬಹುದು, ಎಳೆಗಳಿಗೆ ಅದು ಒಳ್ಳೆಯದು.

ಹೆಜ್ಜೆ 5: ಫೇಕೋ

ಮಷೀನ್ ಸೆಟ್ಟಿಂಗ್ ಇಳಿಸಿ. ಬಾಟಲಿ ಮೇಲಿದ್ದಷ್ಟೂ ನೀರು ಹರಿದ ಕಡೆಯಿಂದ ವಿಟ್ರಿಯಸ್ ಕಡೆಗೆ ನುಗ್ಗುತ್ತದೆ, ಹಿಂದಿನಿಂದ ಒತ್ತಡ ಬಂದು ಚೇಂಬರ್ ಕಿರಿದಾಗುತ್ತದೆ. ಅದನ್ನು ನೋಡಿ ಬಾಟಲಿ ಇನ್ನೂ ಏರಿಸಿದರೆ ಇನ್ನೂ ಕೆಡುತ್ತದೆ. ಬಾಟಲಿ ತಗ್ಗಿಸಿ, ಆಸ್ಪಿರೇಷನ್ ನಿಮಿಷಕ್ಕೆ 20ರಿಂದ 25 ಮಿ.ಲೀ. ಇಟ್ಟು, ವ್ಯಾಕ್ಯೂಮ್ ಕೂಡ ಅದಕ್ಕೆ ತಕ್ಕಂತೆ ಇಳಿಸಿ. ಎಲ್ಲ ನಿಧಾನ ನಡೆಯುತ್ತದೆ. ನಡೆಯಲಿ.

ಪವರ್ ಮಾತ್ರ ಕಂಜೂಸಿ ಮಾಡಬೇಡಿ. ಗಟ್ಟಿ ನ್ಯೂಕ್ಲಿಯಸ್ಸಿಗೆ ಪವರ್ ಕಡಿಮೆಯಾದರೆ ತುದಿ ಕೊರೆಯುವುದಿಲ್ಲ, ತಳ್ಳುತ್ತದೆ. ತಳ್ಳಿದಷ್ಟೂ ಎದುರಿನ ಎಳೆಗಳು ಜಗ್ಗುತ್ತವೆ. ಗೀರು ಕೊರೆದು ಒಡೆಯುವ ಡಿವೈಡ್ ಅಂಡ್ ಕಾಂಕರ್‌ಗಿಂತ ಚಾಪ್ ಒಳ್ಳೆಯದು, ಯಾಕೆಂದರೆ ಚಾಪರ್ ಮತ್ತು ಫೇಕೋ ತುದಿ ಒಂದಕ್ಕೊಂದು ಎದುರಾಗಿ ಬಲ ಹಾಕುತ್ತವೆ, ನ್ಯೂಕ್ಲಿಯಸ್ ನಡುವೆ ಸಿಕ್ಕಿ ಒಡೆಯುತ್ತದೆ, ಚೀಲ ಜಾಗದಲ್ಲೇ ಇರುತ್ತದೆ. ತುಂಡುಗಳನ್ನು ಪಕ್ಕಕ್ಕೆ ಬಹಳ ಎಳೆದು ಬಿಡಿಸಬೇಡಿ. ಮೊದಲ ತುಂಡು ಹೊರಬರುವುದೇ ಕಷ್ಟ. ಅದು ಅಂಟಿಕೊಂಡಿದ್ದರೆ ವಿಸ್ಕೋ ಕ್ಯಾನುಲಾ ಕೆಳಗೆ ತೂರಿಸಿ ಎತ್ತಿ.

ಈಗ ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಅದು ಇದು. ಫೇಕೋ ತುದಿ ಹೊರಗೆ ತೆಗೆಯುವ ಮುಂಚೆ, ಪೆಡಲ್ ಇನ್ನೂ ಒಂದನೇ ಹಂತದಲ್ಲಿದ್ದು ನೀರು ಹೋಗುತ್ತಿರುವಾಗಲೇ, ಸೈಡ್ ಪೋರ್ಟಿನಿಂದ ವಿಸ್ಕೋ ತುಂಬಿ. ಚೇಂಬರ್ ತುಂಬಿದ್ದು ಕಂಡ ಮೇಲೆ ತುದಿ ಎಳೆಯಿರಿ. ಕಲಿಯುವ ದಿನಗಳಲ್ಲಿ ನಾನು ಇದನ್ನು ತಪ್ಪಿದ್ದೆ. ಪೆಟ್ಟು ಬಿದ್ದಿದ್ದ ಕಣ್ಣು, ಮೂರು ಗಂಟೆಯಷ್ಟು ಮಾತ್ರ ಹರಿದಿತ್ತು. ಕೊನೆಯ ತುಂಡು ಚೆನ್ನಾಗಿ ಬಂತು, ಖುಷಿಯಲ್ಲಿ ಕೈ ತಾನಾಗಿ ಹೊರಗೆ ಬಂದುಬಿಟ್ಟಿತು. ಚೇಂಬರ್ ಕುಸಿಯಿತು, ಹಿಂದಿನ ಕ್ಯಾಪ್ಸೂಲ್ ಮುಂದಕ್ಕೆ ಬಂತು, ಮತ್ತೆ ನೀರು ಬಿಟ್ಟಾಗ ಹಿಂದಕ್ಕೆ ಹೋಯಿತು. ಆ ಒಂದು ಏರಿಳಿತಕ್ಕೆ ಇನ್ನೆರಡು ಗಂಟೆಯಷ್ಟು ಎಳೆಗಳು ಕಿತ್ತುಬಂದವು, ಪ್ಯೂಪಿಲ್ ಅಂಚಿನಲ್ಲಿ ವಿಟ್ರಿಯಸ್ ಕಂಡಿತು. ಕಣ್ಣು ಕೊನೆಗೆ ಉಳಿಯಿತು, ಆದರೆ ಅದು ನನ್ನ ಕೈಯಿಂದ ಆದ ಹಾನಿ, ಇವತ್ತಿಗೂ ಪ್ರತಿ ಸಲ ತುದಿ ಹೊರತೆಗೆಯುವಾಗ ಅದೇ ನೆನಪಾಗುತ್ತದೆ.

ಫೇಕೋ ಇಲ್ಲದೆ ಚಿಕ್ಕ ಕೊಯ್ತದ ಮ್ಯಾನ್ಯುಯಲ್ ವಿಧಾನದಲ್ಲಿ ಮಾಡುವವರಿಗೆ ಕಷ್ಟದ ಘಟ್ಟ ನ್ಯೂಕ್ಲಿಯಸ್ಸನ್ನು ಚೀಲದಿಂದ ಹೊರಗೆ ತರುವುದು. ರೆಕ್ಸಿಸ್ ದೊಡ್ಡದಿರಲಿ, ಹುಕ್‌ನಿಂದ ಎತ್ತಿ ತಿರುಗಿಸುವ ಬದಲು ವಿಸ್ಕೋದಿಂದ ತೇಲಿಸಿ.

ಹೆಜ್ಜೆ 6: ಕಾರ್ಟೆಕ್ಸ್

ಎಷ್ಟೋ ಕೇಸುಗಳಲ್ಲಿ ನ್ಯೂಕ್ಲಿಯಸ್ ಹೋದ ಮೇಲೆ ಉಸಿರು ಬಿಟ್ಟು, ಕಾರ್ಟೆಕ್ಸ್ ತೆಗೆಯುವಾಗ ಚೀಲವನ್ನೇ ಎಳೆದುಕೊಂಡಿರುತ್ತೇವೆ. ಮಾಮೂಲಿಯಾಗಿ ಅಂಚಿನಿಂದ ಮಧ್ಯಕ್ಕೆ ನೇರ ಎಳೆಯುತ್ತೇವಲ್ಲ, ಆ ಎಳೆತ ಪೂರ್ತಿ ಝೋನ್ಯೂಲ್ ಮೇಲೆಯೇ ಬೀಳುತ್ತದೆ. ಇಲ್ಲಿ ಅಂಚಿನ ಗುಂಟ ಪಕ್ಕಕ್ಕೆ ಎಳೆಯಿರಿ, ಸಿಪ್ಪೆ ಸುಲಿದ ಹಾಗೆ. ಎಳೆತ ಸಡಿಲ ಭಾಗದ ಕಡೆಗಿರಲಿ, ಅದರಿಂದ ದೂರಕ್ಕಲ್ಲ. ಸಡಿಲ ಭಾಗದ ಕಾರ್ಟೆಕ್ಸನ್ನು ಕೊನೆಗೆ ಇಟ್ಟುಕೊಳ್ಳಿ. ವಿಟ್ರಿಯಸ್ ಬರುವ ಭಯ ಇದ್ದರೆ ನೀರು ನಿಲ್ಲಿಸಿ, ಚೇಂಬರಿಗೆ ವಿಸ್ಕೋ ತುಂಬಿ, ಸಿರಿಂಜ್ ಮತ್ತು ಕ್ಯಾನುಲಾದಿಂದ ಮೆಲ್ಲಗೆ ಹೀರಿ. ಒಂದು ಚೂರು ಬಿಡಿಸಿಕೊಳ್ಳಲೇ ಇಲ್ಲವಾದರೆ ಬಿಟ್ಟುಬಿಡಿ. ಉಳಿದ ಚೂರು ಕಾರ್ಟೆಕ್ಸಿಗಿಂತ ಉಳಿದ ಎಳೆಗಳ ಬೆಲೆ ಜಾಸ್ತಿ.

ಹೆಜ್ಜೆ 7: ರಿಂಗ್ ಮತ್ತು ಲೆನ್ಸ್

ರಿಂಗ್ ಅಂದರೆ ಎರಡೂ ತುದಿಯಲ್ಲಿ ಸಣ್ಣ ತೂತಿರುವ, ಪೂರ್ತಿ ಮುಚ್ಚದ ಒಂದು ಪ್ಲಾಸ್ಟಿಕ್ ಬಳೆ. ಹೊರಗಿದ್ದಾಗ ಚೀಲಕ್ಕಿಂತ ದೊಡ್ಡದು. ಒಳಗೆ ಹೋದಾಗ ಕಿರಿದಾಗಿ, ಮತ್ತೆ ಹಿಗ್ಗಲು ನೋಡುತ್ತಾ ಚೀಲದ ಅಂಚನ್ನು ಸುತ್ತಲೂ ಒಂದೇ ಸಮ ಒತ್ತುತ್ತದೆ. ಗಟ್ಟಿ ಎಳೆಗಳ ಬಲ ಇದರಿಂದ ಸಡಿಲ ಭಾಗಕ್ಕೂ ಹಂಚಿಹೋಗುತ್ತದೆ. ಅಂದರೆ ಗಟ್ಟಿ ಎಳೆಗಳು ಇರಲೇಬೇಕು. ಸುತ್ತಲೂ ಸಡಿಲ ಇರುವ ಕಣ್ಣಿನಲ್ಲಿ ರಿಂಗ್ ಚೀಲವನ್ನು ದುಂಡಗಿಡುತ್ತದೆ ಅಷ್ಟೇ, ಎತ್ತಿ ಹಿಡಿಯುವುದಿಲ್ಲ. ಅಲ್ಲಿ ಹೊಲಿಗೆ ಹಾಕುವ ಸೆಗ್ಮೆಂಟ್ ಬೇಕಾಗುತ್ತದೆ.

ಚೀಲಕ್ಕೆ ವಿಸ್ಕೋ ತುಂಬಿ, ಮುಂದಿನ ಕ್ಯಾಪ್ಸೂಲಿನ ಅಂಚು ಎತ್ತಿ ನಿಂತಿರಬೇಕು. ರಿಂಗಿನ ಮುಂದಿನ ತುದಿ ಸಡಿಲ ಭಾಗದ ಕಡೆಗೆ ಹೋಗುವ ಹಾಗೆ ದಿಕ್ಕು ಆರಿಸಿ. ಎದುರು ದಿಕ್ಕಿಗೆ ತಳ್ಳಿದರೆ ಚೀಲ ಸಡಿಲ ಭಾಗದಿಂದ ದೂರ ಹೋಗಿ ಇನ್ನಷ್ಟು ಕೀಳುತ್ತದೆ. ಮುಂದಿನ ತೂತಿಗೆ 10-0 ದಾರ ಪೋಣಿಸಿ ತುದಿ ಹೊರಗೆ ಬಿಟ್ಟುಕೊಂಡರೆ, ರಿಂಗ್ ತಪ್ಪು ಜಾಗಕ್ಕೆ ಹೋದಾಗ ವಾಪಸ್ ಎಳೆದುಕೊಳ್ಳಬಹುದು. ಇನ್ನೊಂದು ಕೈಯಲ್ಲಿ ಹುಕ್ ಹಿಡಿದು ಮುಂದಿನ ತುದಿಗೆ ದಾರಿ ತೋರಿಸುತ್ತಾ, ಅದು ಕ್ಯಾಪ್ಸೂಲ್ ಗೋಡೆಗೆ ಗುದ್ದದ ಹಾಗೆ ನೋಡಿಕೊಳ್ಳಿ. ಕ್ಯಾಪ್ಸೂಲ್ ಅಂಚಿನಲ್ಲಿ ಮಡಿಕೆ ಕಂಡರೆ ನಿಲ್ಲಿಸಿ, ವಿಸ್ಕೋ ಹಾಕಿ, ಮತ್ತೆ ಶುರು ಮಾಡಿ. ಹಿಂದಿನ ಕ್ಯಾಪ್ಸೂಲ್ ಹರಿದಿದ್ದರೂ ರಿಂಗ್ ಹಾಕಬೇಡಿ.

ಲೆನ್ಸ್ ವಿಷಯಕ್ಕೆ ಬಂದರೆ, ಮೆಲ್ಲಗೆ ಬಿಚ್ಚಿಕೊಳ್ಳುವ ಹೈಡ್ರೋಫೋಬಿಕ್ ಅಕ್ರಿಲಿಕ್ ಒಳ್ಳೆಯದು. ತ್ರೀ-ಪೀಸ್ ಹಾಕುವವರು ಅದರ ಒಂದು ಹ್ಯಾಪ್ಟಿಕ್ (ಲೆನ್ಸನ್ನು ನಿಲ್ಲಿಸುವ ಕಾಲು) ಸಡಿಲ ಭಾಗದ ಕಡೆ ಬರುವಂತೆ ಕೂರಿಸುತ್ತಾರೆ, ಆ ಭಾಗ ಒಳಕ್ಕೆ ಕುಸಿಯದಂತೆ ಅದು ಆನಿಸುತ್ತದೆ. ಲೆನ್ಸನ್ನು ಚೀಲದೊಳಗೆ ಗಿರಗಿರ ತಿರುಗಿಸಬೇಡಿ. ಸಿಲಿಕೋನ್ ಪ್ಲೇಟ್ ಲೆನ್ಸ್ ಬೇಡ, ಕ್ಯಾಪ್ಸೂಲ್ ಮುದುಡುವ ಕಾಟ ಅದರಲ್ಲಿ ಜಾಸ್ತಿ. ಚೀಲ ಬಿಟ್ಟು, ಐರಿಸ್ಸಿಗೂ ಚೀಲಕ್ಕೂ ನಡುವಿನ ಸಂದಾದ ಸಲ್ಕಸ್‌ನಲ್ಲಿ ಇಟ್ಟರಾಯಿತು ಅಂದುಕೊಳ್ಳಬೇಡಿ, ಸಲ್ಕಸ್ ಲೆನ್ಸಿಗೂ ಕೆಳಗೆ ಆಧಾರ ಇದೇ ಸಡಿಲ ಚೀಲ. ಆಧಾರ ಸಾಕಷ್ಟು ಇದ್ದು ಅಲ್ಲೇ ಇಡುವುದಾದರೆ ತ್ರೀ-ಪೀಸ್ ಮಾತ್ರ, ಪವರ್ 0.5ರಿಂದ 1 ಡಯಾಪ್ಟರ್ ಇಳಿಸಿ, ಲೆನ್ಸಿನ ನಡುವಿನ ದುಂಡು ಭಾಗವಾದ ಆಪ್ಟಿಕ್ಕನ್ನು ರೆಕ್ಸಿಸ್ ಒಳಗೆ ಸಿಕ್ಕಿಸಿ.

ಕೊನೆಗೆ ವಿಸ್ಕೋ ತೆಗೆಯುವಾಗಲೂ ಬಾಟಲಿ ತಗ್ಗಿಯೇ ಇರಲಿ.

ವಿಟ್ರಿಯಸ್ ಬಂದರೆ, ಚೀಲ ಹೋದರೆ

ವಿಟ್ರಿಯಸ್ ಕಂಡರೆ ಸ್ಪಾಂಜಿನಿಂದ ಎಳೆಯಬೇಡಿ, ಫೇಕೋ ತುದಿಯಿಂದ ಹೀರಬೇಡಿ, ಎರಡಕ್ಕೂ ರೆಟಿನಾ ಎಳೆಸಿಕೊಳ್ಳುತ್ತದೆ. ವಿಸ್ಕೋ ತುಂಬಿ ನಿಲ್ಲಿ. ಟ್ರೈಯಾಮ್ಸಿನೋಲೋನ್ ಸ್ವಲ್ಪ ಬಿಟ್ಟರೆ ಅದರ ಬಿಳಿ ಕಣಗಳು ವಿಟ್ರಿಯಸ್ಸಿಗೆ ಅಂಟಿ, ಕಾಣದೇ ಇದ್ದದ್ದು ಕಾಣುತ್ತದೆ. ನೀರು ಒಂದು ಸೈಡ್ ಪೋರ್ಟಿನಿಂದ, ಕಟ್ಟರ್ ಇನ್ನೊಂದರಿಂದ. ಕಟ್ ರೇಟ್ ಮೇಲೆ, ವ್ಯಾಕ್ಯೂಮ್ ಕೆಳಗೆ. ಕಲಿತಿದ್ದರೆ ಕಾರ್ನಿಯಾದ ಅಂಚಾದ ಲಿಂಬಸ್‌ನಿಂದ 3.5 ಮಿ.ಮೀ. ಹಿಂದೆ ಪಾರ್ಸ್ ಪ್ಲಾನಾದಿಂದ ಕಟ್ಟರ್ ಹಾಕುವುದು ಇನ್ನೂ ಒಳ್ಳೆಯದು, ವಿಟ್ರಿಯಸ್ ಮುಂದಕ್ಕೆ ಬರುವ ಬದಲು ಹಿಂದಕ್ಕೆ ಹೋಗುತ್ತದೆ.

ಚೀಲ ಉಳಿಯದಿದ್ದರೆ ದಾರಿಗಳು ಹಲವು ಇವೆ: ಐರಿಸ್ ಹಿಂದೆ ಸಿಕ್ಕಿಸುವ ಕ್ಲಾ ಲೆನ್ಸ್, ಸ್ಕ್ಲೀರಾಗೆ ಹೊಲಿಯುವ ಲೆನ್ಸ್, ಅಮರ್ ಅಗರ್ವಾಲ್ ತಂಡ 2008ರಲ್ಲಿ ಪ್ರಕಟಿಸಿದ, ಅಂಟು ಬಳಸುವ ಗ್ಲೂಡ್ ಲೆನ್ಸ್, ಶಿನ್ ಯಮಾನೆ 2017ರಲ್ಲಿ ಪ್ರಕಟಿಸಿದ, 30 ಗೇಜ್ ಸೂಜಿಯಿಂದ ಹ್ಯಾಪ್ಟಿಕ್ ಹೊರತಂದು ತುದಿ ಕಾಯಿಸಿ ಗುಂಡು ಮಾಡುವ ವಿಧಾನ. ಹೊಲಿಯುವವರು 10-0 ಪಾಲಿಪ್ರೊಪಿಲಿನ್ ಬಿಟ್ಟು ದಪ್ಪ ದಾರ ಬಳಸಿ, 10-0 ವರ್ಷಗಳ ಮೇಲೆ ತುಂಡಾಗುತ್ತದೆ. ಯಾವುದು ಅತ್ಯುತ್ತಮ ಎಂದು ಕೇಳಬೇಡಿ, ನಿಮ್ಮ ಕೈಗೆ ಯಾವುದು ಚೆನ್ನಾಗಿ ಬರುತ್ತದೋ ಅದು. ಯಾವುದೂ ಬರದಿದ್ದರೆ ವಿಟ್ರಿಯಸ್ ಶುಚಿ ಮಾಡಿ, ಕೊಯ್ತಕ್ಕೆ ಹೊಲಿಗೆ ಹಾಕಿ, ಲೆನ್ಸ್ ಇಡದೆ ಮುಗಿಸಿ, ಬರುವವರ ಹತ್ತಿರ ಕಳಿಸಿ. ಇದರಲ್ಲಿ ಅವಮಾನ ಏನೂ ಇಲ್ಲ. ನ್ಯೂಕ್ಲಿಯಸ್ ತುಂಡು ಹಿಂದಕ್ಕೆ ಬಿದ್ದರೆ ಅದರ ಬೆನ್ನು ಹತ್ತಬೇಡಿ, ಅದು ರೆಟಿನಾ ಸರ್ಜನ್ ಕೆಲಸ.

ಆಪರೇಷನ್ ಆದಮೇಲೆ

ಮೊದಲ ದಿನ ಕಣ್ಣಿನ ಒತ್ತಡ ತಪ್ಪದೆ ನೋಡಿ. ಉಳಿದ ವಿಸ್ಕೋದಿಂದ ಒತ್ತಡ ಏರಬಹುದು, ಸೂಡೋಎಕ್ಸ್‌ಫೋಲಿಯೇಷನ್ನಿನಲ್ಲಿ ಗ್ಲಾಕೋಮಾ ಮೊದಲೇ ಇರಬಹುದು. ವಿಟ್ರಿಯಸ್ ಕೆಲಸ ಆಗಿದ್ದರೆ ಕೆಲವು ವಾರಗಳಲ್ಲಿ ಪ್ಯೂಪಿಲ್ ಹಿಗ್ಗಿಸಿ ರೆಟಿನಾ ಅಂಚಿನವರೆಗೆ ನೋಡಬೇಕು. ನೋಟ ಚೆನ್ನಾಗಿ ಬಂದು ಒಂದೂವರೆ ತಿಂಗಳಿಗೆ ಮತ್ತೆ ಮಸುಕಾಯಿತು ಎಂದರೆ ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ಬಾವು ಬಂದಿದೆಯಾ ಎಂದು ಓಸಿಟಿ ಸ್ಕ್ಯಾನ್ ಮಾಡಿಸಿ.

ಒಂದು ತಿಂಗಳಿಗೆ ಕರೆಸಿ ರೆಕ್ಸಿಸ್ ಅಂಚನ್ನೇ ನೋಡಿ. ಸಡಿಲ ಎಳೆಗಳು ಎದುರು ಎಳೆಯದ ಕಾರಣ ಕ್ಯಾಪ್ಸೂಲ್ ದಾರ ಎಳೆದ ಚೀಲದ ಬಾಯಿಯ ಹಾಗೆ ಮುದುಡುತ್ತದೆ, ಮುದುಡುತ್ತಾ ಉಳಿದ ಎಳೆಗಳನ್ನೂ ಒಳಕ್ಕೆ ಎಳೆಯುತ್ತದೆ. ಶುರುವಾಗಿದ್ದು ಕಂಡರೆ ಯಾಗ್ ಲೇಸರಿನಿಂದ ಅಂಚಿನಲ್ಲಿ ಮೂರ್ನಾಲ್ಕು ಕಡೆ ಸಣ್ಣ ಸೀಳು ಹಾಕಿ. ತಡ ಮಾಡಬೇಡಿ.

ಸೂಡೋಎಕ್ಸ್‌ಫೋಲಿಯೇಷನ್ ಇರುವವರಲ್ಲಿ ಏಳೆಂಟು ವರ್ಷ ಕಳೆದ ಮೇಲೂ ಚೀಲ, ರಿಂಗ್, ಲೆನ್ಸ್ ಎಲ್ಲ ಒಟ್ಟಿಗೆ ಕೆಳಕ್ಕೆ ಜಾರಬಹುದು. ರಿಂಗ್ ಇದನ್ನು ತಡೆಯುತ್ತದೆ ಎಂದು ಹೇಳಲಾಗದು, ಆದರೆ ಜಾರಿದಾಗ ಆ ರಿಂಗಿನ ಸುತ್ತ ದಾರ ಹಾಕಿ ಸ್ಕ್ಲೀರಾಗೆ ಕಟ್ಟಿ ಎತ್ತಬಹುದು, ಲೆನ್ಸ್ ಬದಲಾಯಿಸುವ ಕೆಲಸ ತಪ್ಪುತ್ತದೆ. ಹಾಗಾಗಿ ಡಿಸ್ಚಾರ್ಜ್ ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಯಿರಿ: ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಸಡಿಲ ಇತ್ತು, ಯಾವ ಅಳತೆಯ ರಿಂಗ್ ಹಾಕಿದ್ದೀರಿ, ಹೊಲಿಗೆ ಎಲ್ಲಿದೆ. ಪೇಷೆಂಟಿಗೂ ಹೇಳಿ, ನೋಟ ಇದ್ದಕ್ಕಿದ್ದಂತೆ ಎರಡಾಗಿ ಕಂಡರೆ, ಅಥವಾ ಕಣ್ಣಿನೊಳಗೆ ಲೆನ್ಸಿನ ಅಂಚು ಗೆರೆಯ ಹಾಗೆ ಕಂಡರೆ, ಆ ಕಾರ್ಡ್ ಹಿಡಿದುಕೊಂಡೇ ಬರಬೇಕು. ಇನ್ನೊಂದು ಕಣ್ಣಿಗೂ ಆಪರೇಷನ್ ಬೇಕಾಗುವ ದಿನ ಬಂದಾಗ, ಅದನ್ನು ಮಾಡುವವರು ಮೊದಲು ಓದಬೇಕಾದ್ದೂ ಅದೇ ಕಾರ್ಡ್.